ಅಡಗುವ ವಿದ್ಯೆಯೂ ಅದೃಶ್ಯ ಮಂತ್ರವೂ

ದಾಳ, ಕಾಗದ ಮತ್ತು ನಿಯಮಪುಸ್ತಕಗಳನ್ನು ಮುಂದಿಟ್ಟುಕೊಂಡು ಮೇಜಿನ ಸುತ್ತ ಕುಳಿತ ನಾಲ್ಕೈದು ಜನ ಒಂದು ಕಾಲ್ಪನಿಕ ಲೋಕದ ಕಥೆಯನ್ನು ಮಾತಿನಲ್ಲೇ ಕಟ್ಟುತ್ತ ಹೋಗುವ ಪಾತ್ರಾಭಿನಯದ ಆಟಗಳಿಗೆ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂಲಮಾದರಿ. ಈ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಪಾತ್ರಕ್ಕೆ ಒಂದು ವರ್ಗವನ್ನು, ಅಂದರೆ ಒಂದು ಕಸುಬನ್ನು, ಆರಿಸಿಕೊಳ್ಳಬೇಕು. ಕಳ್ಳತನ, ಬೇಹುಗಾರಿಕೆ, ಬೀಗ ಬಿಚ್ಚುವುದು, ಹೊಂಚುಹಾಕಿ ಹೊಡೆಯುವುದು ಇವುಗಳಲ್ಲಿ ಪಳಗಿದ ವರ್ಗಕ್ಕೆ ರೋಗ್ ಎಂದೂ, ಗ್ರಂಥಾಭ್ಯಾಸದಿಂದ ಮಂತ್ರಗಳನ್ನು ಕಲಿತ ವರ್ಗಕ್ಕೆ ವಿಝರ್ಡ್ ಎಂದೂ ಹೆಸರು. ಎರಡನ್ನೂ ಒಂದೇ ಪಾತ್ರದಲ್ಲಿ ಕೂಡಿಸುವ ಆಸೆ ಹೆಚ್ಚುಕಡಿಮೆ ಆಟದಷ್ಟೇ ಹಳೆಯದು. ಗೈಗ್ಯಾಕ್ಸ್ ತನಗೆ ಪ್ರೇರಣೆ ನೀಡಿದವರೆಂದು 1979ರಲ್ಲಿ ಪಟ್ಟಿಮಾಡಿದ ಲೇಖಕರಲ್ಲಿ ಒಬ್ಬನಾದ ಫ್ರಿಟ್ಜ್ ಲೈಬರ್ ಸೃಷ್ಟಿಸಿದ ಗ್ರೇ ಮೌಸರ್ ಎಂಬ ನಾಯಕ, ಮೊದಲು ಒಬ್ಬ ಸಾಮಾನ್ಯ ಮಾಂತ್ರಿಕನ ಶಿಷ್ಯನಾಗಿದ್ದು ಆಮೇಲೆ ಕತ್ತಿ ಹಿಡಿದ ಕಳ್ಳನಾದವನು. ಕಳ್ಳನ ವರ್ಗ 1975ರ ‘ಗ್ರೇಹಾಕ್’ ಪೂರಕ ಪುಸ್ತಕದಲ್ಲಿ ಅಚ್ಚಾದಾಗಲೇ ಮೇಲಿನ ಹಂತ ಮುಟ್ಟಿದ ಕಳ್ಳನಿಗೆ ಮಂತ್ರದ ಸುರುಳಿಗಳನ್ನು ಬಳಸುವ ಅವಕಾಶವನ್ನೂ ಕೊಡಲಾಗಿತ್ತು. 2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಈ ಆಸೆ ‘ಆರ್ಕೇನ್ ಟ್ರಿಕ್‌ಸ್ಟರ್’ ಎಂಬ ಉಪವರ್ಗದ ರೂಪದಲ್ಲಿದೆ. ಪಾತ್ರಗಳು ಒಂದರಿಂದ ಇಪ್ಪತ್ತರವರೆಗಿನ ಹಂತಗಳಲ್ಲಿ ಬೆಳೆಯುವ ಈ ಆಟದಲ್ಲಿ, ಮೂರನೆಯ ಹಂತಕ್ಕೆ ಬಂದ ರೋಗ್ ಆ ದಾರಿಯನ್ನು ಹಿಡಿದರೆ ವಿಝರ್ಡ್‌ನ ಪಟ್ಟಿಯಿಂದ ಕೆಲವು ಮಂತ್ರಗಳನ್ನು ಕಲಿಯಬಹುದು.

ಇಂಥ ಪಾತ್ರವನ್ನು ಹೇಗೆ ಕಟ್ಟಬೇಕೆಂಬ ವಿಷಯದಲ್ಲಿ ಆಟಗಾರರ ನಡುವೆ ಬೇರೂರಿದ ಒಂದು ಅಭಿಪ್ರಾಯವಿದೆ. ಅದನ್ನು ಬಿಡಿಸಿ ನೋಡುವ ಮೊದಲು ಅದರ ಬಲ ಎಲ್ಲಿದೆ ಎಂಬುದನ್ನು ಹೇಳಬೇಕು. ಅಡಗುವುದೆಂದರೆ ಪರರ ಕಣ್ಣಿಗೆ ಬೀಳದಿರುವುದು. ಕಣ್ಣಿಗೆ ಚೂರೂ ಬೀಳದಂತೆ ಮಾಡುವುದು ‘ಇನ್‌ವಿಸಿಬಿಲಿಟಿ’ ಎಂಬ ಅದೃಶ್ಯ ಮಂತ್ರ. ಆದ್ದರಿಂದ ಅಡಗುವಿಕೆಯ ತುತ್ತತುದಿ ಆ ಮಂತ್ರವೇ, ರೋಗ್‌ನ ಕಲಿತ ಚಾತುರ್ಯ ಅದಕ್ಕೊಂದು ಬಡ ಬದಲಿ ಎಂಬುದು ಈ ವಾದದ ಮೊದಲ ಮೆಟ್ಟಿಲು. ಎರಡನೆಯದು ಲೆಕ್ಕದ ಮೆಟ್ಟಿಲು. ಮಂತ್ರಗಳನ್ನು ಆಟವು ಒಂಬತ್ತು ದರ್ಜೆಗಳಾಗಿ ವಿಂಗಡಿಸುತ್ತದೆ, ಮತ್ತು ದರ್ಜೆಯುಳ್ಳ ಮಂತ್ರವನ್ನು ಪ್ರಯೋಗಿಸುವಾಗಲೆಲ್ಲ ‘ಸ್ಪೆಲ್ ಸ್ಲಾಟ್’ ಎಂಬ, ದಿನಕ್ಕಿಷ್ಟೆಂದು ಅಳೆದು ಕೊಟ್ಟ ಪಡಿಯೊಂದು ಖರ್ಚಾಗುತ್ತದೆ. ಎರಡನೆಯ ದರ್ಜೆಯ ಅದೃಶ್ಯ ಮಂತ್ರ ವಿಝರ್ಡ್‌ಗೆ ಮೂರನೆಯ ಹಂತದಲ್ಲೇ ದಕ್ಕುತ್ತದೆ, ಆರ್ಕೇನ್ ಟ್ರಿಕ್‌ಸ್ಟರ್‌ಗೆ ಏಳನೆಯ ಹಂತದಲ್ಲಿ. ಐದನೆಯ ಹಂತದಲ್ಲಿ ವಿಝರ್ಡ್ ಬಳಿ ಮೂರು ದರ್ಜೆಗಳಲ್ಲಿ ಒಟ್ಟು ಒಂಬತ್ತು ಸ್ಲಾಟ್‌ಗಳಿರುವಾಗ ಟ್ರಿಕ್‌ಸ್ಟರ್ ಬಳಿ ಇರುವುದು ಮೊದಲ ದರ್ಜೆಯ ಮೂರು ಮಾತ್ರ. ಇಪ್ಪತ್ತನೆಯ ಹಂತಕ್ಕೇರಿದರೂ ಅದು ನಾಲ್ಕನೆಯ ದರ್ಜೆಯನ್ನು ದಾಟುವಂತಿಲ್ಲ. ಹೀಗಾಗಿ ಟ್ರಿಕ್‌ಸ್ಟರ್ ಎಂಬುದು ಅರೆಬೆಂದ ವಿಝರ್ಡ್. ಅಡಗುವ ಮಂತ್ರವಾದಿ ಬೇಕಿದ್ದರೆ ವಿಝರ್ಡ್‌ನನ್ನೇ ಕಟ್ಟಿ ಅದೃಶ್ಯ ಮಂತ್ರ ಕಲಿಸಬೇಕು, ರೋಗ್‌ನನ್ನೇ ಕಟ್ಟುವ ಹಟವಿದ್ದರೆ ಕೈಗೆಟುಕುವ ಮಂತ್ರಗಳಲ್ಲಿ ಅತಿ ಬಲವಾದವನ್ನು ತುಂಬಿ ಕೊರತೆಯನ್ನು ನೀಗಿಸಬೇಕು ಎಂಬ ತೀರ್ಮಾನಕ್ಕೆ ವಾದ ಬಂದು ನಿಲ್ಲುತ್ತದೆ. ಇಲ್ಲಿ ಕೊಟ್ಟ ಅಂಕಿಗಳೆಲ್ಲ ಸರಿಯೇ. ಆ ಅಂಕಿಗಳು ಅಳೆಯುತ್ತಿರುವುದು ಏನನ್ನು ಎಂಬಲ್ಲಿ ತಪ್ಪಿದೆ.

ಮೊದಲ ಮೆಟ್ಟಿಲನ್ನೇ ಪರಿಶೀಲಿಸಿದರೆ, ಕಾಣದಿರುವುದು ಮತ್ತು ಅಡಗಿರುವುದು ಎಂಬ ಎರಡು ಸಂಗತಿಗಳನ್ನು ಅದು ಒಂದೆಂದು ಹಿಡಿದಿರುವುದು ತಿಳಿಯುತ್ತದೆ. 2014ರ ನಿಯಮಗಳ ಪ್ರಕಾರ ಅದೃಶ್ಯವಾದ ಜೀವಿಯನ್ನು ಕಣ್ಣಿನಿಂದ ನೋಡಲಾಗದು, ಆದರೆ ಅದು ಮಾಡುವ ಸದ್ದಿನಿಂದ ಅಥವಾ ಬಿಟ್ಟ ಹೆಜ್ಜೆಗುರುತಿನಿಂದ ಅದು ಎಲ್ಲಿದೆ ಎಂಬುದು ಗೊತ್ತಾಗಬಹುದು. ಅಂದರೆ ಅದೃಶ್ಯತೆ ಕೊಡುವುದು ಅಡಗಲು ಯತ್ನಿಸುವ ಅವಕಾಶವನ್ನು: ಕಂಬದ ಮರೆಯಾಗಲಿ ಕತ್ತಲಾಗಲಿ ಇಲ್ಲದ ಬಯಲಿನಲ್ಲೂ ಆ ಯತ್ನ ಮಾಡಬಹುದು, ಅಷ್ಟೆ. ಯತ್ನ ಫಲಿಸುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ‘ಸ್ಟೆಲ್ತ್’ ಎಂಬ ಕೌಶಲ; ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಸಂಖ್ಯೆಗೆ ಪಾತ್ರದ ಚುರುಕುತನ ಮತ್ತು ಅಭ್ಯಾಸದ ಅಂಕಗಳನ್ನು ಕೂಡಿಸಿದಾಗ ಬರುವ ಮೊತ್ತ, ಎದುರಿನವರ ಸಹಜ ಎಚ್ಚರದ ಅಂಕವನ್ನು ಮುಟ್ಟಬೇಕು. ನಿಯಮಪುಸ್ತಕದ ಸಾಧಾರಣ ಕಾವಲುಗಾರನ ಎಚ್ಚರದ ಅಂಕ 12. ಏಳನೆಯ ಹಂತದ ರೋಗ್ ಒಂದಕ್ಕೆ ಚುರುಕುತನದಿಂದ 4, ಅಭ್ಯಾಸದ ಅಂಕವನ್ನು ಇಮ್ಮಡಿಗೊಳಿಸುವ ‘ಎಕ್ಸ್‌ಪರ್ಟೀಸ್’ ಎಂಬ ವರ್ಗಸಹಜ ಸೌಲಭ್ಯದಿಂದ 6, ಒಟ್ಟು 10 ಅಂಕ ಸೇರುತ್ತದೆ ಎಂದುಕೊಂಡರೆ, ದಾಳದಲ್ಲಿ 2 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಸಾಕು; ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಅದು ಗೆಲ್ಲುತ್ತದೆ. ಚುರುಕುತನದ 2 ಅಂಕವಷ್ಟೇ ಇರುವ, ಸ್ಟೆಲ್ತ್ ಕಲಿಯದ ಅದೇ ಹಂತದ ವಿಝರ್ಡ್ ಅದೃಶ್ಯನಾಗಿ ಅದೇ ಕಾವಲುಗಾರನ ಪಕ್ಕದಲ್ಲಿ ಹಾದರೆ ಗೆಲ್ಲುವುದು ಇಪ್ಪತ್ತರಲ್ಲಿ ಹನ್ನೊಂದು ಸಲ. ಹನ್ನೊಂದನೆಯ ಹಂತದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ, ಏಕೆಂದರೆ ಅಭ್ಯಾಸವಿರುವ ಕೌಶಲಗಳಲ್ಲಿ ದಾಳದ ಮೇಲೆ 9 ಅಥವಾ ಅದಕ್ಕಿಂತ ಕಡಿಮೆ ಬಿದ್ದರೂ 10 ಎಂದೇ ಎಣಿಸುವ ‘ರಿಲಯಬಲ್ ಟ್ಯಾಲೆಂಟ್’ 2014ರ ಪುಸ್ತಕದಂತೆ ರೋಗ್‌ಗೆ ಆಗ ಸಿಗುತ್ತದೆ. ಚುರುಕುತನದ 5 ಮತ್ತು ಅಭ್ಯಾಸದ 8 ಸೇರಿ ಅದರ ಅತಿ ಕಳಪೆ ಯತ್ನವೂ 23ಕ್ಕೆ ಇಳಿದು ನಿಲ್ಲುತ್ತದೆ. ಅದೃಶ್ಯತೆಯಾದರೋ ಕಣ್ಣೊಂದನ್ನೇ ಎದುರಿಸುವ ವಿದ್ಯೆ. ಕಣ್ಣಿನ ನೆರವಿಲ್ಲದೆ ಸುತ್ತಣದನ್ನು ಅರಿಯುವ ವಯಸ್ಕ ಡ್ರ್ಯಾಗನ್‌ನ ಹತ್ತಿರದಲ್ಲಿ ಅದು ನಡೆಯುವುದಿಲ್ಲ, ಅದೃಶ್ಯವಾದದ್ದನ್ನು ಕಾಣಿಸುವ ಎರಡನೆಯ ದರ್ಜೆಯದೇ ಆದ ಇನ್ನೊಂದು ಮಂತ್ರದೆದುರೂ ನಡೆಯುವುದಿಲ್ಲ.

ಈ ಭೇದ ಭಾರತೀಯ ಓದುಗರಿಗೆ ಹೊಸದಾಗಿರಬೇಕಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಚಾರುದತ್ತನ ಮನೆಗೆ ಕನ್ನ ಹಾಕುವ ಶರ್ವಿಲಕ, ಕಾವಲಿನವರ ಕಣ್ಣಿಗೆ ಬೀಳದಂತೆ ಕಾಪಾಡುವ ಯೋಗರೋಚನೆ ಎಂಬ ಲೇಪವನ್ನು ಬಳಿದುಕೊಂಡೇ ಬಂದವನು. ಆದರೂ ಅವನು ಗೋಡೆಯಲ್ಲಿ ಸರಿಯಾದ ಜಾಗ ಹುಡುಕುತ್ತಾನೆ, ಜನಿವಾರದಿಂದ ಕನ್ನದ ಅಳತೆ ತೆಗೆಯುತ್ತಾನೆ, ಬಾಗಿಲು ಕಿರುಗುಟ್ಟದಂತೆ ನೀರು ಚಿಮುಕಿಸುತ್ತಾನೆ, ಮಲಗಿದವರು ನಿಜಕ್ಕೂ ನಿದ್ರಿಸುತ್ತಿದ್ದಾರೆಯೇ ಎಂದು ಪರೀಕ್ಷಿಸುತ್ತಾನೆ, ದೀಪವಾರಿಸಲು ಹುಳುವೊಂದನ್ನು ಹಾರಿಬಿಡುತ್ತಾನೆ. ಲೇಪ ಕಣ್ಣನ್ನು ವಂಚಿಸಬಲ್ಲದು. ಬಾಗಿಲಿನ ಸದ್ದನ್ನು ಅಡಗಿಸುವ ಹೊಣೆ ಕಸುಬಿನ ಮೇಲೆಯೇ ಉಳಿಯುತ್ತದೆ ಎಂಬುದು ಆ ನಾಟಕಕಾರನಿಗೆ ಚೆನ್ನಾಗಿ ಗೊತ್ತಿತ್ತು.

ಶರ್ವಿಲಕನಿಗಿಲ್ಲದ ಒಂದು ತೊಡಕು ಆಟದ ಮಂತ್ರವಾದಿಗಿದೆ. ಹೆಚ್ಚಿನ ಮಂತ್ರಗಳಿಗೆ ಉಚ್ಚಾರಣೆ ಬೇಕು. ನಿರ್ದಿಷ್ಟ ಶ್ರುತಿಯಲ್ಲಿ, ನಿರ್ದಿಷ್ಟ ನಾದದಲ್ಲಿ ಪದಗಳನ್ನು ನುಡಿಯದೆ ಅವು ಫಲಿಸುವುದಿಲ್ಲ. ಹೀಗಿರುವಾಗ ಅಡಗಿ ಕುಳಿತವನು ಮಂತ್ರ ಹೇಳುವುದೆಂದರೆ ತಾನಿರುವ ಜಾಗವನ್ನು ತಾನೇ ಕೂಗಿ ತಿಳಿಸಿದಂತೆ. ಪಿಸುಗುಟ್ಟಿದರೆ ಸಾಲದೇ ಎಂದು ಕೇಳುವವರುಂಟು. 2014ರ ಪುಸ್ತಕ ಧ್ವನಿಯ ಏರಿಳಿತದ ಬಗ್ಗೆ ಸ್ಪಷ್ಟವಾಗಿ ಹೇಳದ್ದರಿಂದ ಆಗ ಅದು ಆಟ ನಡೆಸುವ ಡಂಜನ್ ಮಾಸ್ಟರ್‌ನ ವಿವೇಚನೆಗೆ ಬಿಟ್ಟ ಮಾತಾಗಿತ್ತು. 2024ರ ಪರಿಷ್ಕೃತ ಪುಸ್ತಕ ಸಾಮಾನ್ಯ ಮಾತಿನ ಧ್ವನಿಯಲ್ಲೇ ಉಚ್ಚರಿಸಬೇಕೆಂದು ವಿಧಿಸಿ ಆ ಸಂದೇಹವನ್ನು ಪರಿಹರಿಸಿತು. ಅದೇ ಪುಸ್ತಕ ಅಡಗಿದ ಜೀವಿಗೂ ‘ಇನ್‌ವಿಸಿಬಲ್’ ಎಂಬ ಸ್ಥಿತಿಯನ್ನೇ ಆರೋಪಿಸುವುದರಿಂದ, ಅದೃಶ್ಯತೆ ಮತ್ತು ಅಡಗುವಿಕೆ ಒಂದೇ ಎಂಬ ಹಳೆಯ ಅಭಿಪ್ರಾಯಕ್ಕೆ ಈಗ ನಿಯಮದ ಬೆಂಬಲವೇ ಸಿಕ್ಕಿತಲ್ಲ ಎಂಬ ಆಕ್ಷೇಪವನ್ನು ಎತ್ತಬಹುದು, ಮತ್ತು ಇದು ಹಗುರಾದ ಆಕ್ಷೇಪವಲ್ಲ. ಆದರೆ ಆ ಸ್ಥಿತಿ ಹೇಗೆ ಕಳೆದುಹೋಗುತ್ತದೆ ಎಂಬುದನ್ನು ನೋಡಬೇಕು. ಪಿಸುಮಾತಿಗಿಂತ ದೊಡ್ಡ ಸದ್ದು ಮಾಡಿದರೆ, ಶತ್ರು ಹುಡುಕಿ ಕಂಡುಕೊಂಡರೆ, ಆಕ್ರಮಣಕ್ಕೆ ದಾಳ ಉರುಳಿಸಿದರೆ, ಅಥವಾ ಉಚ್ಚಾರಣೆಯುಳ್ಳ ಮಂತ್ರವನ್ನು ಪ್ರಯೋಗಿಸಿದರೆ ಅಡಗುವಿಕೆ ಮುಗಿಯಿತು. ಹೆಸರು ಒಂದಾದರೂ ಕಿವಿಯ ಪಾತ್ರವನ್ನು ಹೊಸ ನಿಯಮ ಮೊದಲಿಗಿಂತ ಬಿಗಿಯಾಗಿ ಒಳತಂದಿದೆ. ಮಂತ್ರ ಸಹಜವಾಗಿಯೇ ಗುಟ್ಟಿನ ಗೆಳೆಯ ಎಂದು ನಂಬಿ ಪಾತ್ರ ಕಟ್ಟಿದವರು ಮೊದಲ ಕಾವಲುಗಾರನೆದುರೇ ಮುಗ್ಗರಿಸುವುದು ಈ ಕಾರಣಕ್ಕೆ.

ಹಾಗಾದರೆ ಮಂತ್ರಕ್ಕೂ ಅಡಗುವಿಕೆಗೂ ಸಂಬಂಧವೇ ಇಲ್ಲವೇ? ಇದೆ, ಮತ್ತು ಅದು ಸಾಮಾನ್ಯ ಅಭಿಪ್ರಾಯ ಊಹಿಸುವುದಕ್ಕಿಂತ ಆಳವಾದದ್ದು. ಅಡಗುವಿಕೆ ಎಂಬುದು ಅಡಗಿದವನ ದೇಹದ ಗುಣವಲ್ಲ. ಅದು ಕಾವಲುಗಾರನ ಮನಸ್ಸಿನಲ್ಲಿರುವ ಒಂದು ಅಭಾವ, ಇಲ್ಲಿ ಯಾರೋ ಇದ್ದಾರೆ ಎಂಬ ತಿಳಿವಿನ ಅಭಾವ. ಆ ಅಭಾವವನ್ನು ಕಾಪಾಡಲು ದೇಹವನ್ನು ಮರೆಮಾಡುವುದು ಒಂದು ದಾರಿ, ಆ ಮನಸ್ಸಿನಲ್ಲಿ ಬೇರೊಂದು ತಿಳಿವನ್ನು ಹುಟ್ಟಿಸುವುದು ಇನ್ನೊಂದು ದಾರಿ. ಮೊದಲನೆಯದರಲ್ಲಿ ರೋಗ್ ಮಂತ್ರವಿಲ್ಲದೆಯೇ ಪ್ರವೀಣ; ಎರಡನೆಯದನ್ನು ಬರಿಗೈಯಿಂದ ಮಾಡುವುದು ಕಷ್ಟ. ಮಂತ್ರಗಳನ್ನು ಆರಿಸುವಾಗ ಅವುಗಳ ದರ್ಜೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದ ಹುಟ್ಟುತ್ತವೆ:

1. ಕಲಿತ ಕೌಶಲದಿಂದ ಈಗಾಗಲೇ ಆಗುವ ಕೆಲಸವನ್ನೇ ಈ ಮಂತ್ರ ಮತ್ತೆ ಮಾಡುತ್ತದೆಯೇ, ಅಥವಾ ಕೈಗೆ ಆಗದ್ದನ್ನು ಮಾಡುತ್ತದೆಯೇ?

2. ಒಂದು ಸಮಯದಲ್ಲಿ ಒಂದೇ ಮಂತ್ರದ ಮೇಲೆ ಇಡಬಹುದಾದ ಏಕಾಗ್ರತೆ, ಸರದಿಗೊಂದೇ ಸಿಗುವ ಕ್ರಿಯೆ ಮುಂತಾದ ಮಿತ ಸಾಧನಗಳಿಗಾಗಿ ಈ ಮಂತ್ರ ಪಾತ್ರದ ಇತರ ಶಕ್ತಿಗಳೊಡನೆ ಜಗಳಕ್ಕೆ ನಿಲ್ಲುತ್ತದೆಯೇ?

3. ಮಂತ್ರದ ಪ್ರಭಾವ ಮುಗಿದ ಮೇಲೆ ಎದುರಿನವರ ನೆನಪಿನಲ್ಲಿ ಏನು ಉಳಿಯುತ್ತದೆ?

ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ, ಆದರೆ ಗುಟ್ಟಿನ ಕಸುಬಿಗೆ ಅದು ಪ್ರಾಣದಂತೆ. ‘ಚಾರ್ಮ್ ಪರ್ಸನ್’ ಎಂಬ ವಶೀಕರಣದ ಮಂತ್ರ ಒಂದು ಗಂಟೆಯ ಕಾಲ ಕಾವಲುಗಾರನನ್ನು ಗೆಳೆಯನನ್ನಾಗಿ ಮಾಡಬಲ್ಲದು. ಅವಧಿ ಮುಗಿದೊಡನೆ ತಾನು ವಶವಾಗಿದ್ದೆ, ಇಂಥವನಿಂದಲೇ ವಶವಾಗಿದ್ದೆ ಎಂಬುದು ಅವನಿಗೆ ತಿಳಿಯುತ್ತದೆ. ಮೇಲುನೋಟಕ್ಕೆ ಅತ್ಯಂತ ನಯವಾಗಿ ತೋರುವ ಈ ಮಂತ್ರ ಸಾಕ್ಷಿಯನ್ನು ಬಿಟ್ಟುಹೋಗುವ ಮಂತ್ರ. ಇದಕ್ಕೆ ಪ್ರತಿಯಾಗಿ ‘ಮೈನರ್ ಇಲ್ಯೂಷನ್’ ಅನ್ನು ನೋಡಬಹುದು. ಇದು ಸ್ಲಾಟ್ ಖರ್ಚಿಲ್ಲದೆ ಎಷ್ಟು ಸಲ ಬೇಕಾದರೂ ಬಳಸಬಹುದಾದ ಕ್ಯಾಂಟ್ರಿಪ್ ಎಂಬ ಕಿರುಮಂತ್ರಗಳಲ್ಲಿ ಒಂದು. ಮೂವತ್ತು ಅಡಿ ದೂರದೊಳಗೆ ಒಂದು ಸದ್ದನ್ನೋ ಐದಡಿ ಘನದೊಳಗೆ ಹಿಡಿಸುವ ಒಂದು ಆಕೃತಿಯನ್ನೋ ಒಂದು ನಿಮಿಷ ಹುಟ್ಟಿಸುತ್ತದೆ. ದರ್ಜೆಯ ಅಳತೆಗೋಲಿನಲ್ಲಿ ಇದಕ್ಕೆ ಬೆಲೆಯೇ ಇಲ್ಲ. ಆದರೆ ಇದಕ್ಕೆ ಏಕಾಗ್ರತೆ ಬೇಡ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಉಚ್ಚಾರಣೆ ಬೇಡ. ಕೈಯ ಮುದ್ರೆ ಮತ್ತು ಚೂರು ಉಣ್ಣೆ ಸಾಕು. ಓಣಿಯ ಆ ತುದಿಯಲ್ಲಿ ಹೆಜ್ಜೆಯ ಸಪ್ಪಳ ಕೇಳಿಸಿದಾಗ ಕಾವಲುಗಾರ ಆ ಕಡೆ ನಡೆಯುತ್ತಾನೆ, ಏನೂ ಕಾಣದೆ ಮರಳುತ್ತಾನೆ, ಇಲಿಯೋ ಗಾಳಿಯೋ ಇರಬೇಕೆಂದುಕೊಳ್ಳುತ್ತಾನೆ. ಮಂತ್ರ ನಡೆಯಿತೆಂಬುದೇ ಅವನಿಗೆ ಹೊಳೆಯುವುದಿಲ್ಲ. ಮೂರು ಪ್ರಶ್ನೆಗಳಿಗೂ ಇಷ್ಟು ನಿರ್ಮಲವಾಗಿ ಉತ್ತರಿಸುವ ಮಂತ್ರ ಇಡೀ ಪಟ್ಟಿಯಲ್ಲಿ ಅಪರೂಪ. ಟ್ರಿಕ್‌ಸ್ಟರ್‌ಗೆ ಕಡ್ಡಾಯವಾಗಿ ಬರುವ ‘ಮೇಜ್ ಹ್ಯಾಂಡ್’ ಕೂಡ ಇದೇ ಸಾಲಿಗೆ ಸೇರುತ್ತದೆ: ವಿಝರ್ಡ್‌ನ ಕೈಯಲ್ಲಿ ಅದು ಗಾಳಿಯಲ್ಲಿ ತೇಲುವ ಮಾಯಾಹಸ್ತವಷ್ಟೇ, ಟ್ರಿಕ್‌ಸ್ಟರ್‌ನ ಪಾಲಿಗೆ ಅದು ಕಾಣದ ಕೈಯಾಗಿ ಮೂವತ್ತು ಅಡಿ ದೂರದ ಬೀಗವನ್ನು ತೆರೆಯುತ್ತದೆ, ಅಪಾಯದ ಯಂತ್ರವನ್ನು ನಿಷ್ಕ್ರಿಯಗೊಳಿಸುತ್ತದೆ, ಇನ್ನೊಬ್ಬರ ಚೀಲದಿಂದ ವಸ್ತುವನ್ನು ಎತ್ತುತ್ತದೆ. ಕೌಶಲ ರೋಗ್‌ನದು, ದೂರ ಮಂತ್ರದ್ದು.

2014ರ ಪುಸ್ತಕ ಟ್ರಿಕ್‌ಸ್ಟರ್ ಕಲಿಯುವ ಬಹುಪಾಲು ಮಂತ್ರಗಳು ಮಾಯಾದೃಶ್ಯ ಮತ್ತು ಸಮ್ಮೋಹನ ಎಂಬ ಎರಡೇ ಶಾಖೆಗಳಿಂದ ಬರಬೇಕೆಂದು ಕಟ್ಟುಪಾಡು ಹಾಕಿದ್ದನ್ನು ಆಟಗಾರರು ಸಂಕೋಲೆಯೆಂದೇ ದೂರುತ್ತಿದ್ದರು. ಇವೆರಡೂ ಪರರ ತಿಳಿವಿನ ಮೇಲೆ ಕೆಲಸ ಮಾಡುವ ಶಾಖೆಗಳು ಎಂಬುದನ್ನು ಗಮನಿಸಿದರೆ ಆ ಕಟ್ಟುಪಾಡಿನಲ್ಲಿದ್ದ ವಿವೇಕ ಅರ್ಥವಾಗುತ್ತದೆ. 2024ರಲ್ಲಿ ಅದನ್ನು ತೆಗೆದುಹಾಕಲಾಯಿತು. ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿದ್ದು ಒಳ್ಳೆಯದೇ, ಆದರೆ ಆಯ್ಕೆಗೆ ಬೇಕಾದ ತರ್ಕವನ್ನು ಪುಸ್ತಕದ ಬದಲು ಆಟಗಾರನೇ ಈಗ ಒದಗಿಸಬೇಕಾಗಿದೆ.

ಟ್ರಿಕ್‌ಸ್ಟರ್ ಎಂದರೆ ಅರೆಬೆಂದ ವಿಝರ್ಡ್ ಎಂಬ ಎರಡನೆಯ ಮೆಟ್ಟಿಲು ಒಂಬತ್ತನೆಯ ಹಂತದಲ್ಲಿ ಕುಸಿಯುತ್ತದೆ. ಆ ಹಂತದಲ್ಲಿ ಬರುವ ‘ಮ್ಯಾಜಿಕಲ್ ಆಂಬುಷ್’ ಎಂಬ ಶಕ್ತಿಯ ಪ್ರಕಾರ, ಟ್ರಿಕ್‌ಸ್ಟರ್ ಎದುರಿನ ಜೀವಿಯಿಂದ ಅಡಗಿದ್ದಾಗ ಪ್ರಯೋಗಿಸಿದ ಮಂತ್ರವನ್ನು ತಡೆದುಕೊಳ್ಳಲು ಆ ಜೀವಿ ಉರುಳಿಸುವ ದಾಳವನ್ನು, ಅಂದರೆ ‘ಸೇವಿಂಗ್ ಥ್ರೋ’ವನ್ನು, ಆ ಸರದಿಯಲ್ಲಿ ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬುದ್ಧಿಶಕ್ತಿ 14 ಇರುವ ಟ್ರಿಕ್‌ಸ್ಟರ್‌ನ ಮಂತ್ರವನ್ನು ತಡೆಯಲು ಆ ಹಂತದಲ್ಲಿ 14 ಬೇಕು, ಬುದ್ಧಿಶಕ್ತಿ 20 ಇರುವ ವಿಝರ್ಡ್‌ನ ಮಂತ್ರವನ್ನು ತಡೆಯಲು 17. ಯಾವ ವಿಶೇಷ ಅಂಕವೂ ಇಲ್ಲದ ಎದುರಾಳಿಯ ಮೇಲೆ ‘ಹೋಲ್ಡ್ ಪರ್ಸನ್’ ಎಂಬ ಸ್ತಂಭನ ಮಂತ್ರವನ್ನು ವಿಝರ್ಡ್ ಬಯಲಿನಲ್ಲಿ ನಿಂತು ಪ್ರಯೋಗಿಸಿದರೆ ಅದು ಫಲಿಸುವ ಸಾಧ್ಯತೆ ಶೇಕಡಾ 80. ಟ್ರಿಕ್‌ಸ್ಟರ್ ಬಯಲಿನಲ್ಲಿ ಪ್ರಯೋಗಿಸಿದರೆ ಶೇಕಡಾ 65, ಅಡಗಿ ಪ್ರಯೋಗಿಸಿದರೆ ಸುಮಾರು ಶೇಕಡಾ 88. ಬುದ್ಧಿಶಕ್ತಿಯಲ್ಲಿ ಆರು ಅಂಕ ಹಿಂದಿರುವ ಪಾತ್ರ, ಎಲೆಮರೆಯಲ್ಲಿ ಕುಳಿತ ಮಾತ್ರಕ್ಕೆ, ಪರಿಪೂರ್ಣ ವಿಝರ್ಡ್‌ನನ್ನು ದಾಟಿ ಮುಂದೆ ಹೋಗುತ್ತದೆ. ಮಂತ್ರ ಅಡಗುವಿಕೆಗೆ ಊರುಗೋಲಾಗಬೇಕು ಎಂಬ ನಂಬಿಕೆಯನ್ನು ತಲೆಕೆಳಗು ಮಾಡಿ ಓದಬೇಕಾದ ಸ್ಥಳ ಇದು: ಈ ಪಾತ್ರದಲ್ಲಿ ಅಡಗುವಿಕೆಯೇ ಮಂತ್ರಕ್ಕೆ ಬಲ ತುಂಬುತ್ತದೆ. ಉಚ್ಚರಿಸಿದೊಡನೆ ಅಡಗುವಿಕೆ ಕಳೆದುಹೋಗುವುದು ನಿಜ, ಮತ್ತು ಮರುಸರದಿಗಳಲ್ಲಿ ಎದುರಾಳಿ ಬಿಡಿಸಿಕೊಳ್ಳಲು ಮಾಡುವ ಯತ್ನಕ್ಕೆ ಈ ತೊಡಕು ಅನ್ವಯಿಸದು. ಆದ್ದರಿಂದ ಅಂಥ ಪ್ರಯೋಗವನ್ನು ಬಿಲ್ಲಿನ ಮೊದಲ ಬಾಣದಂತೆ, ಆಮೇಲೆ ನಡೆಯಬೇಕಾದ್ದನ್ನೆಲ್ಲ ಮೊದಲೇ ಯೋಚಿಸಿಟ್ಟು ಬಿಡಬೇಕು. ಪಾತ್ರ ಕಟ್ಟುವಾಗ ಬುದ್ಧಿಶಕ್ತಿಯನ್ನು ಎಲ್ಲಕ್ಕಿಂತ ಮೇಲಕ್ಕೇರಿಸುವುದೂ ಬೇಕಿಲ್ಲ, ಮಂತ್ರ ಹೇಗೂ ದುರ್ಬಲವೆಂದು ಅದನ್ನು ನೆಲಕ್ಕೆ ಬಿಡುವುದೂ ಸಲ್ಲದು. ಚುರುಕುತನಕ್ಕೆ ಮೊದಲ ಮಣೆ ಹಾಕಿ 14ರ ಆಸುಪಾಸಿನ ಬುದ್ಧಿಶಕ್ತಿಯನ್ನು ಕಾಯ್ದುಕೊಂಡರೆ ಮೇಲಿನ ಲೆಕ್ಕ ಸಾಗುತ್ತದೆ.

ಇದಕ್ಕೆ ಎರಡು ಗಟ್ಟಿಯಾದ ಆಕ್ಷೇಪಗಳಿವೆ. ಅದೃಶ್ಯನಾಗಿ ಹೊಡೆದಾಗ ಏಟು ಬೀಳುವ ಸಾಧ್ಯತೆ ಹೆಚ್ಚುತ್ತದೆ, ಅದರೊಂದಿಗೆ ಹೊಂಚಿನ ಏಟಿಗೆ ಸೇರುವ ‘ಸ್ನೀಕ್ ಅಟ್ಯಾಕ್’ನ ಹೆಚ್ಚುವರಿ ದಾಳಗಳೂ ದಕ್ಕುತ್ತವೆ ಎಂಬುದು ಒಂದು. ಅದು ಸರಿ, ಆದರೆ ಎರಡನೆಯ ದರ್ಜೆಯ ಆ ಮಂತ್ರ ಮೊದಲ ಏಟಿಗೇ ಮುಗಿದುಹೋಗುತ್ತದೆ. ಆ ಹೆಚ್ಚುವರಿ ದಾಳಗಳನ್ನು ರೋಗ್ ಎರಡನೆಯ ಹಂತದಿಂದ ದೊರೆಯುವ ‘ಕನ್ನಿಂಗ್ ಆ್ಯಕ್ಷನ್’ ಬಳಸಿ ಅಡಗಿಯೋ, ಎದುರಾಳಿಯ ಪಕ್ಕದಲ್ಲಿ ಸಂಗಡಿಗನೊಬ್ಬ ನಿಂತಿದ್ದರೆ ಸುಮ್ಮನೆಯೋ ಪ್ರತಿ ಸರದಿಯಲ್ಲೂ ಪಡೆಯುತ್ತದೆ. ಏಟಿನ ನಂತರವೂ ಅಳಿಯದ ಅದೃಶ್ಯತೆ ನಾಲ್ಕನೆಯ ದರ್ಜೆಯದು, ಟ್ರಿಕ್‌ಸ್ಟರ್‌ಗೆ ಅದು ಹತ್ತೊಂಬತ್ತನೆಯ ಹಂತದ ಮಾತು. ರೋಗ್‌ನ ಒಂದೋ ಎರಡೋ ಹಂತಗಳನ್ನು ಮಾತ್ರ ತೆಗೆದುಕೊಂಡು ಉಳಿದುದನ್ನೆಲ್ಲ ವಿಝರ್ಡ್‌ನಲ್ಲಿ ಬೆಳೆಸಿದರೆ ಸ್ಟೆಲ್ತ್‌ನ ಇಮ್ಮಡಿ ಅಂಕವೂ ಹಿರಿಯ ಮಂತ್ರಗಳೂ ಒಟ್ಟಿಗೆ ಸಿಗುತ್ತವಲ್ಲ ಎಂಬುದು ಎರಡನೆಯ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ, ಅದು ಒಳ್ಳೆಯ ಪಾತ್ರ. ಆದರೆ ಅದು ಅಡಗಬಲ್ಲ ವಿಝರ್ಡ್. ಹತ್ತೊಂಬತ್ತನೆಯ ಹಂತದ ಹೊತ್ತಿಗೆ ಹತ್ತಕ್ಕೇರುವ ಸ್ನೀಕ್ ಅಟ್ಯಾಕ್‌ನ ದಾಳಗಳು, ಕೌಶಲವನ್ನು ಕೈಕೊಡದಂತೆ ಮಾಡುವ ರಿಲಯಬಲ್ ಟ್ಯಾಲೆಂಟ್‌ನ ಭರವಸೆ, ಮೇಲೆ ಹೇಳಿದ ಹೊಂಚಿನ ಮಂತ್ರಬಲ ಇವ್ಯಾವುವೂ ಅದಕ್ಕಿರುವುದಿಲ್ಲ. ಕಟ್ಟಬೇಕೆಂದು ಹೊರಟದ್ದು ಮಂತ್ರ ಬಲ್ಲ ಕಳ್ಳನನ್ನೇ ಆಗಿದ್ದರೆ, ಈ ಉತ್ತರ ಬೇರೊಂದು ಪ್ರಶ್ನೆಯದು.

ತಪ್ಪು ಅಭಿಪ್ರಾಯ ಇಷ್ಟು ಗಟ್ಟಿಯಾಗಿ ನಿಂತದ್ದಕ್ಕೆ ಹೆಸರಿನ ಚರಿತ್ರೆಯೂ ಒಂದು ಕಾರಣ. 2003ರ ಮೂರೂವರೆ ಆವೃತ್ತಿಯಲ್ಲಿ ಆರ್ಕೇನ್ ಟ್ರಿಕ್‌ಸ್ಟರ್ ಎಂಬುದು, ಮೂರನೆಯ ದರ್ಜೆಯ ಮಂತ್ರಗಳನ್ನು ಆಗಲೇ ಕರಗತ ಮಾಡಿಕೊಂಡವರಿಗೆ ಮಾತ್ರ ತೆರೆದಿದ್ದ ವಿಶೇಷ ವರ್ಗ. ಅಲ್ಲಿ ಹಂತ ಏರಿದಂತೆಲ್ಲ ಮಂತ್ರಶಕ್ತಿಯೂ ಕುಂದಿಲ್ಲದೆ ಏರುತ್ತಿತ್ತು, ಗುರಿಯಿಟ್ಟು ಎಸೆಯುವ ಕಿರಣದಂಥ ಮಂತ್ರಗಳಿಗೂ ಹೊಂಚಿನ ಏಟಿನ ದಾಳಗಳು ಸೇರುತ್ತಿದ್ದವು. ಆಗ ಅದನ್ನು ಹೊಂಚುಹಾಕುವ ವಿಝರ್ಡ್ ಎಂದು ಕರೆದಿದ್ದರೆ ತಪ್ಪಾಗುತ್ತಿರಲಿಲ್ಲ. ಐದನೆಯ ಆವೃತ್ತಿ ಹೆಸರನ್ನು ಉಳಿಸಿಕೊಂಡು ಒಳಗಿನದನ್ನು ಬದಲಿಸಿತು. ಈಗ ಹೊಂಚಿನ ದಾಳಗಳು ಸೇರುವುದು ಹಗುರ ಆಯುಧದ ಅಥವಾ ಬಿಲ್ಲಿನಂಥ ದೂರಾಯುಧದ ಏಟಿಗೆ, ಬೆಂಕಿಯ ಮಂತ್ರಕ್ಕಲ್ಲ. ಹಳೆಯ ಹೆಸರಿನ ನಿರೀಕ್ಷೆಯನ್ನು ಹೊತ್ತುಬಂದವರಿಗೆ ಹೊಸ ಪಾತ್ರ ಸೊರಗಿದಂತೆ ಕಾಣುವುದು ಸಹಜ.

ಇಷ್ಟಾದ ಮೇಲೂ ಅದೃಶ್ಯ ಮಂತ್ರ ನಿರುಪಯುಕ್ತವಲ್ಲ. ಮರೆಯೇ ಇಲ್ಲದ ಅಂಗಳವನ್ನು ದಾಟುವಾಗ ಎಷ್ಟೇ ಪಳಗಿದ ರೋಗ್‌ಗೂ ಅದರ ನೆರವು ಬೇಕು. ಆದರೆ ಅದು ಮುಟ್ಟಿ ಪ್ರಯೋಗಿಸುವ ಮಂತ್ರ, ಅಂದರೆ ಒಬ್ಬರು ಇನ್ನೊಬ್ಬರಿಗೆ ಕೊಡಬಹುದಾದ ಮಂತ್ರ. ತಂಡದಲ್ಲಿ ವಿಝರ್ಡ್ ಇರುವಾಗ ಆ ಸ್ಲಾಟ್ ಅವನ ಖಜಾನೆಯಿಂದ ಖರ್ಚಾಗಲಿ, ಒಂದು ಗಂಟೆಯವರೆಗಿನ ಏಕಾಗ್ರತೆಯನ್ನು ಅವನೇ ಗೋಡೆಯಾಚೆ ಕುಳಿತು ಹೊರಲಿ. ಬೇರೆ ಮಂತ್ರ ಹೇಳಿದೊಡನೆ ಅದೃಶ್ಯತೆ ಅಳಿಯುವುದರಿಂದ ಇಲ್ಲಿ ಅನುಕ್ರಮ ಮುಖ್ಯ: ರೋಗ್ ಮೊದಲು ಗೋಡೆಯಾಚೆಯೇ ಮಾಯಾಹಸ್ತವನ್ನು ಕರೆಯಬೇಕು, ಆಮೇಲೆ ವಿಝರ್ಡ್ ಮುಟ್ಟಬೇಕು. ಹಸ್ತವನ್ನು ನಡೆಸುವುದು ಹೊಸ ಮಂತ್ರದ ಪ್ರಯೋಗವಲ್ಲವಾದ್ದರಿಂದ, ಅದು ಉಳಿಯುವ ಒಂದು ನಿಮಿಷದೊಳಗೆ ಅಂಗಳದ ನಡುವಿನಿಂದಲೇ ಎದುರಿನ ಬಾಗಿಲಿನ ಬೀಗವನ್ನು ಬಿಚ್ಚಿ, ಸಪ್ಪಳವಿಲ್ಲದೆ ಒಳಸೇರಲು ಸಾಧ್ಯವಾಗುತ್ತದೆ.